ಟೈಲರಮ್ಮನ ಫೋನು ಹಗುರಾದ ಕಥೆ

ಟೈಲರಮ್ಮ ದಿನಕ್ಕೊಮ್ಮೆ, ಮಧ್ಯಾಹ್ನ ಮೂರು ಗಂಟೆಗೆ, ಹೊಲಿಗೆ ಯಂತ್ರ ನಿಲ್ಲಿಸುತ್ತಾಳೆ. ಬಟ್ಟೆಯನ್ನೆಲ್ಲ ಪಕ್ಕಕ್ಕೆ ಸರಿಸಿ, ನೂಲಿನ ಡಬ್ಬಕ್ಕೆ ಫೋನು ಒರಗಿಸಿ, ಎರಡೂ ಕೈ ಬಿಡುವು ಮಾಡಿಕೊಂಡು ಕೂರುತ್ತಾಳೆ. ಕೈ ಬಿಡುವಾಗಿರಲೇಬೇಕು. ಯಾಕೆಂದರೆ ಅವಳು ತಂಗಿಯ ಜೊತೆ ಮಾತಾಡುವುದು ಕೈಯಲ್ಲಿ.

ತಂಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಮಾತೂ ಬಾರದು. ಸನ್ನೆಭಾಷೆ ಕಲಿಸುವ ಶಾಲೆ ಹತ್ತಿರದಲ್ಲಿ ಇರಲಿಲ್ಲ. ಹಾಗಾಗಿ ಅವರಮ್ಮ ತಾವೇ ಮನೆಯಲ್ಲಿ ಒಂದು ಕೈಭಾಷೆ ಕಟ್ಟಿದ್ದರು. ಗಲ್ಲ ಮುಟ್ಟಿದರೆ ಅಮ್ಮ. ಮೂಗು ಹಿಡಿದರೆ ಚಿಕ್ಕಪ್ಪ, ಅವನಿಗೆ ಸದಾ ಶೀತ! ಅಮ್ಮ ತೀರಿಕೊಂಡ ಮೇಲೆ ಆ ಭಾಷೆ ಪೂರ್ತಿ ಬಲ್ಲವರು ಇಬ್ಬರೇ ಉಳಿದರು, ಅಕ್ಕ ಮತ್ತು ತಂಗಿ. ತಂಗಿ ದೂರದ ಊರಿನ ಬೇಕರಿಯೊಂದರಲ್ಲಿ ಕೆಲಸ ಮಾಡುತ್ತಾಳೆ, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇರುತ್ತಾಳೆ. ಹೆಸರು ಬರೆಯುವಷ್ಟೇ ಅಕ್ಷರ ಬಲ್ಲಳು. ಅವಳ ಪಾಲಿಗೆ ವಿಡಿಯೊ ಕಾಲ್ ಅಂದರೆ ಮನೆಗೆ ಬಂದು ಹೋದ ಹಾಗೆ.

ಈಚೆಗೆ ಆ ಕಾಲ್ ನೆಟ್ಟಗೆ ನಡೆಯುತ್ತಿರಲಿಲ್ಲ. ತಂಗಿ ಕೈ ಎತ್ತಿದಳೋ ಇಲ್ಲವೋ, ಅವಳ ಮುಖದ ಮೇಲೆ ಜಾಹೀರಾತು ಬಂದು ಕೂರುತ್ತಿತ್ತು. ಒಮ್ಮೆ ಶಾಂಪೂ, ಒಮ್ಮೆ ಇಸ್ಪೀಟಿನ ಆಟ. ಅದನ್ನು ಮುಚ್ಚುವಷ್ಟರಲ್ಲಿ "ಜಾಗ ತುಂಬಿದೆ" ಅನ್ನುವ ಸೂಚನೆ. ಆಮೇಲೆ ಚಿತ್ರ ಗಕ್ಕನೆ ನಿಂತುಬಿಡುತ್ತಿತ್ತು. ಮೊನ್ನೆಯಂತೂ ತಂಗಿ ಏನೋ ಹೇಳುತ್ತಿದ್ದ ಹಾಗೇ ಕಾಲ್ ಕಡಿದುಹೋಯಿತು. ಮಾರನೆಯ ದಿನ ಅವಳು ಮುಖ ಊದಿಸಿಕೊಂಡು ಕೂತಿದ್ದಳು. "ನನ್ನ ಮಾತು ನಿನಗೆ ಬೇಜಾರಾ? ಅರ್ಧಕ್ಕೇ ಕತ್ತರಿಸಿಬಿಟ್ಟೆಯಲ್ಲ!" ಎಂದು ಎರಡು ಬೆರಳಲ್ಲಿ ಕತ್ತರಿ ಆಡಿಸಿ ಕೇಳಿದಳು. ಟೈಲರಮ್ಮ ಆ ಸಂಜೆಯೇ ಗಂಡನ ಮುಂದೆ ಫೋನು ಇಟ್ಟಳು.

ಅವಳ ಗಂಡ ಬಡಗಿ. ಮರವಾಗಲಿ ಮಾತಾಗಲಿ, ಅವನಿಗೆ ಒಂದೇ ಏಟಿಗೆ ತುಂಡಾಗಬೇಕು.

"ಫೋನು ಯಾರದು? ನಮ್ಮದು. ಕೊಂಡದ್ದು ಯಾರು? ನಾವು. ಮತ್ತೆ ನಾವು ಕೇಳದೇ ಇರೋ ಆ್ಯಪ್‌ಗಳು ಅದರಲ್ಲಿ ಯಾಕಿವೆ? ಅಳಿಸೋಣ ಅಂದ್ರೆ ಅಳಿಸೋ ಬಟನ್ನೇ ಇಲ್ಲ! ಬಾಡಿಗೆ ಕೊಡದ ಮಂದಿ ಮನೇಲಿ ಕಾಲು ಚಾಚಿ ಮಲಗಿದ ಹಾಗಾಯ್ತು," ಎಂದು ರೇಗಿದ.

"ಅದಕ್ಕೇನು ಮಾಡೋಕಾಗುತ್ತೆ ರೀ?"

"ಮಾಡೋಕಾಗುತ್ತೆ. ರೂಟ್ ಮಾಡೋದು ಅಂತ ಇದೆ. ವಿಡಿಯೊ ನೋಡಿದೀನಿ. ಒಂದು ಫೈಲ್ ಇಳಿಸಿಕೊಂಡು ಬಟನ್ ಒತ್ತಿದ್ರೆ ಆಯ್ತು, ಇಡೀ ಫೋನು ನಮ್ಮ ಕೈಗೆ ಬರುತ್ತೆ. ಬೇಡದ್ದನ್ನೆಲ್ಲ ಕಿತ್ತು ಬಿಸಾಕಬಹುದು."

ಭಾನುವಾರ ಬೆಳಿಗ್ಗೆ ಅವನು ಪಕ್ಕದ ಮನೆಯಿಂದ ಲ್ಯಾಪ್‌ಟಾಪು ಎರವಲು ತಂದ. ಕಟ್ಟಿಂಗ್ ಮೇಜಿನ ಮೇಲಿದ್ದ ಬಟ್ಟೆ, ಟೇಪು, ಸೀಮೆಸುಣ್ಣ ಎಲ್ಲ ಕೆಳಗಿಳಿದವು. ಕೇಬಲ್ ಸಿಕ್ಕಿಸಿದ. ಪರದೆಯ ಮೇಲೆ ಎಚ್ಚರಿಕೆಯ ಸಾಲುಗಳು ಬಂದವು.

"ಏನು ಬರೆದಿದೆ ರೀ ಅಲ್ಲಿ?"

"ಏನೋ ಒಂದು. ಎಲ್ಲದಕ್ಕೂ ಹೂಂ ಅನ್ನಬೇಕಂತೆ."

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಬಂದವರು ರೇಡಿಯೊ ಅಕ್ಕ. ಅವರ ತಂದೆ ಬಸ್ ನಿಲ್ದಾಣದ ಬಳಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಈಗ ಅದೇ ಅಂಗಡಿಯಲ್ಲಿ ಮಗಳು ಮೊಬೈಲ್ ರಿಪೇರಿ ಮಾಡುತ್ತಾರೆ. ತಲೆಗೂದಲು ಅರ್ಧ ಬೆಳ್ಳಗಾಗಿದ್ದರೂ ಬೀದಿಗೆಲ್ಲ ಅವರು ರೇಡಿಯೊ ಅಕ್ಕನೇ. ಅಂಗಡಿಗೆ ಹೊಲಿಸಿದ್ದ ಪರದೆ ತೆಗೆದುಕೊಂಡು ಹೋಗಲು ಬಂದಿದ್ದರು. ಮೇಜಿನ ಮೇಲಿನ ಕೇಬಲ್ ನೋಡಿದ್ದೇ ತಡ, ಕನ್ನಡಕ ಏರಿಸಿದರು.

"ಏನಣ್ಣಾ, ಆಪರೇಷನ್ನು ಜೋರಾಗಿದೆ?"

"ರೂಟ್ ಮಾಡ್ತಿದೀನಿ ಅಕ್ಕಾ. ಇನ್ನೊಂದು ಬಟನ್ ಅಷ್ಟೇ."

"ಒಂದು ನಿಮಿಷ ಕೈ ತಡಿ. ಫೋನಿನಲ್ಲಿ ಇರೋದನ್ನೆಲ್ಲ ಬೇರೆ ಕಡೆ ಇಳಿಸಿಟ್ಟಿದೀಯಾ?"

"ಯಾಕೆ?"

"ಯಾಕೆ ಅಂದ್ರೆ, ರೂಟ್ ಮಾಡೋಕೆ ಮುಂಚೆ ಫೋನಿನ ಒಳಬೀಗ ತೆಗೀಬೇಕು. ಹೆಚ್ಚಿನ ಫೋನುಗಳಲ್ಲಿ ಆ ಬೀಗ ತೆಗೆದ ತಕ್ಷಣ ಒಳಗಿರೋದೆಲ್ಲ ಅಳಿಸಿಹೋಗುತ್ತೆ. ಫೋಟೊ, ವಿಡಿಯೊ, ನಂಬರು, ಎಲ್ಲ. ನೋಡು, ಈ ಸಾಲಲ್ಲಿ ಅದನ್ನೇ ಬರೆದಿದಾರೆ."

ಟೈಲರಮ್ಮ ತಟ್ಟನೆ ಕೈ ಚಾಚಿ ಕೇಬಲ್ ಕಿತ್ತಳು.

"ಅಮ್ಮನ ವಿಡಿಯೊ ಇದರಲ್ಲೇ ಇದೆ," ಎಂದಳು.

ಅಮ್ಮ ತೀರಿಕೊಳ್ಳುವ ಮುನ್ನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ತಂಗಿಗೆ ಕೈಯಲ್ಲಿ ಏನೇನೋ ಹೇಳಿ ನಗಿಸಿದ್ದ ನಾಲ್ಕು ನಿಮಿಷದ ವಿಡಿಯೊ ಅದು. ಬೇರೆ ಎಲ್ಲೂ ಅದರ ಪ್ರತಿ ಇರಲಿಲ್ಲ. ಬಡಗಿ ಹೆಂಡತಿಯ ಮುಖ ನೋಡಿದ. ಲ್ಯಾಪ್‌ಟಾಪಿನಿಂದ ಕೈ ಹಿಂದಕ್ಕೆ ತೆಗೆದ.

ರೇಡಿಯೊ ಅಕ್ಕ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

"ನಿನ್ನ ಸಿಟ್ಟು ಸರಿಯಾಗೇ ಇದೆ ಅಣ್ಣಾ. ನಾವು ಕೇಳದೇ ಇರೋ ಆ್ಯಪ್ ತುರುಕಿ ಕೊಡೋದು ನ್ಯಾಯ ಅಲ್ಲ. ಆದ್ರೆ ಒಂದು ಕೇಳ್ತೀನಿ. ಹಳೇ ಮನೆ ರಿಪೇರಿಗೆ ಹೋದಾಗ, ಸೂರು ಹೊತ್ತಿರೋ ತೊಲೆ ಯಾವುದು, ಸುಮ್ನೆ ಹೊಡೆದಿರೋ ಹಲಗೆ ಯಾವುದು ಅಂತ ನೋಡ್ದೆ ಗರಗಸ ಹಾಕ್ತೀಯಾ?"

"ಛೆ, ಎಲ್ಲಾದ್ರೂ ಉಂಟಾ!"

"ಇದೂ ಅಷ್ಟೇ. ರೂಟ್ ಅಂದ್ರೆ ಫೋನಿನ ಎಲ್ಲಾ ಕೋಣೆಗೂ ಆಗೋ ಬೀಗದ ಕೈ. ಅದು ನಿನ್ನ ಕೈಗೆ ಬರುತ್ತೆ, ನಿಜ. ಆದ್ರೆ ಗೊತ್ತಿಲ್ದೆ ಒಂದು ಕೆಟ್ಟ ಆ್ಯಪ್‌ಗೆ ಆ ಕೈ ಕೊಟ್ಟರೆ ಅದೂ ಎಲ್ಲಾ ಕೋಣೆಗೂ ನುಗ್ಗುತ್ತೆ. ಬ್ಯಾಂಕಿನ ಆ್ಯಪ್ ಎಷ್ಟೋ ಸಲ ರೂಟ್ ಆದ ಫೋನಿನಲ್ಲಿ ತೆರೆಯೋದೇ ಇಲ್ಲ. ಕಂಪನಿಯಿಂದ ಬರೋ ಸುರಕ್ಷತೆಯ ಅಪ್‌ಡೇಟು ನಿಂತರೂ ನಿಲ್ಲಬಹುದು, ವಾರಂಟಿನೂ ಹೋಗಬಹುದು. ಇನ್ನು ಈ ಫೈಲು! ಯಾರು ಮಾಡಿದ್ದು, ಒಳಗೇನಿದೆ, ನಿನ್ನ ಫೋನಿನ ಮಾಡೆಲ್ಲಿಗೆ ಹೊಂದುತ್ತೋ ಇಲ್ವೋ, ಏನಾದ್ರೂ ಗೊತ್ತಾ? ಹೊಂದದೇ ಇದ್ರೆ ಫೋನು ಸತ್ತೇ ಹೋಗುತ್ತೆ."

"ನೀವು ಯಾವತ್ತೂ ಮಾಡೇ ಇಲ್ವಾ ಅಕ್ಕಾ?" ಬಡಗಿಗೆ ಇನ್ನೂ ಪೂರ್ತಿ ಸಮಾಧಾನವಿಲ್ಲ.

"ಮಾಡಿದೀನಪ್ಪಾ, ಸುಳ್ಳು ಯಾಕೆ ಹೇಳಲಿ! ಅಂಗಡಿಯ ಹಳೇ ಫೋನುಗಳಿಗೆ. ಎರಡು ಫೋನು ಸಾಯಿಸಿದ ಮೇಲೆ ಕೈ ಪಳಗಿತು. ತಿಳಿದವರು, ಮೂಲೆಯಲ್ಲಿ ಬಿದ್ದಿರೋ ಫೋನಿಗೆ, ಎಲ್ಲ ಇಳಿಸಿಟ್ಟುಕೊಂಡು ಮಾಡಲಿ. ನಾನು ಬೇಡ ಅನ್ನಲ್ಲ. ಮನೆಯಲ್ಲಿರೋ ಒಂದೇ ಫೋನಿಗೆ, ಅದೂ ತಂಗಿಗೆ ಮಾತಾಗಿರೋ ಫೋನಿಗೆ, ಬೇಡ. ಅದಿಲ್ದೆನೂ ನಿನ್ನ ಕೆಲಸ ಮುಕ್ಕಾಲು ಪಾಲು ಆಗುತ್ತೆ. ತೋರಿಸ್ಲಾ?"

ಮೊದಲು ಅಮ್ಮನ ವಿಡಿಯೊ. ಅದನ್ನೂ ಬೇಕಾದ ಫೋಟೊಗಳನ್ನೂ ಪೆನ್‌ಡ್ರೈವಿಗೆ ಇಳಿಸಿ, ತೆರೆಯುತ್ತದೋ ಇಲ್ಲವೋ ನೋಡಿ, ಟೈಲರಮ್ಮನ ಕೈಗಿಟ್ಟರು. ಆಮೇಲೆ ಫೋನಿನ ಸೆಟ್ಟಿಂಗ್ಸ್ ತೆರೆದು ಆ್ಯಪ್‌ಗಳ ಪಟ್ಟಿಗೆ ಹೋದರು.

"ನೋಡಮ್ಮಾ, ಒಂದೊಂದನ್ನೇ ಒತ್ತು. ಅಳಿಸೋ ಬಟನ್ ಇದ್ರೆ, ನಿನಗೆ ಬೇಡ ಅನ್ನಿಸಿದ್ರೆ, ಅಳಿಸು."

ಮೂರು ಆಟ, ಒಂದು ಸುದ್ದಿ ಆ್ಯಪು, ಎರಡು ಅಂಗಡಿ ಆ್ಯಪು ಹೋದವು. ಇನ್ನೊಂದು ಆಟಕ್ಕೆ ಅಳಿಸುವ ಬಟನ್ನೇ ಇರಲಿಲ್ಲ. ಬಡಗಿ, "ನೋಡಿ, ನೋಡಿ! ಇದಕ್ಕೇ ನಾನು ಹೇಳಿದ್ದು," ಎಂದ.

"ಅದರ ಪಕ್ಕ ನಿಷ್ಕ್ರಿಯಗೊಳಿಸು ಅಂತ ಇದೆಯಲ್ಲ, ಕೆಲವು ಫೋನಿನಲ್ಲಿ ಡಿಸೇಬಲ್ ಅಂತ ಇರುತ್ತೆ. ಅದನ್ನ ಒತ್ತು. ಅದಕ್ಕೆ ಮುಂಚೆ ಅದರ ಅಪ್‌ಡೇಟ್ ತೆಗೆದರೆ ಒಂದಷ್ಟು ಜಾಗಾನೂ ಸಿಗುತ್ತೆ."

"ಆದ್ರೂ ಒಳಗೇ ಇರುತ್ತಲ್ಲ?"

"ಇರುತ್ತೆ. ಆದ್ರೆ ಏಳೋದಿಲ್ಲ, ಓಡೋದಿಲ್ಲ, ಕಣ್ಣಿಗೂ ಬೀಳೋದಿಲ್ಲ. ಬೇಕು ಅನ್ನಿಸಿದ್ರೆ ವಾಪಸ್ ಎಬ್ಬಿಸಬಹುದು. ಕಿತ್ತು ಬಿಸಾಕಿದ್ರೆ ಹಾಗೆ ಬರುತ್ತಾ?"

ಆ ಬಟನ್ ಕೂಡ ಇಲ್ಲದ ಆ್ಯಪ್ ಒಂದೆರಡಿದ್ದವು. ಅವಕ್ಕೆ ಕ್ಯಾಮೆರಾ, ಮೈಕು, ನಂಬರುಗಳನ್ನು ನೋಡುವ ಅನುಮತಿ ತೆಗೆದು, ಸೂಚನೆ ಕಳಿಸುವುದನ್ನೂ ನಿಲ್ಲಿಸಿದರು. ಗುರುತೇ ಸಿಗದ ಹೆಸರುಗಳನ್ನು ಮಾತ್ರ ಅವರು ಮುಟ್ಟಗೊಡಲಿಲ್ಲ. "ಕೀಬೋರ್ಡು, ಕಾಲ್ ಮಾಡೋದು, ಮೆಸೇಜು, ಇವೆಲ್ಲ ಸೂರು ಹೊತ್ತಿರೋ ತೊಲೆಗಳು. ಗೊತ್ತಿಲ್ದೇ ಇರೋದಕ್ಕೆ ಕೈ ಹಾಕಬೇಡ. ಕೇಳಿ ತಿಳಕೋ," ಎಂದರು. ಟೈಲರಮ್ಮ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ, ನಿಲ್ಲಿಸಿದ ಒಂದೊಂದು ಆ್ಯಪಿನ ಹೆಸರನ್ನೂ ಬರೆದುಕೊಂಡಳು.

"ಸರಿ, ಮುಖದ ಮೇಲೆ ಬಂದು ಕೂರೋ ಆ ಶಾಂಪೂ?" ಬಡಗಿ ಕೇಳಿದ.

"ಅದನ್ನ ಹಿಡಿಯೋಣ. ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳೋ ಅನುಮತಿ ಯಾರಿಗಿದೆ, ನೋಡೋಣ." ರೇಡಿಯೊ ಅಕ್ಕ ಪಟ್ಟಿ ತೆರೆದರು. ಅವರ ಬೆರಳು ಒಂದು ಹೆಸರಿನ ಮೇಲೆ ನಿಂತಿತು. "ಇದು ಫೋನಿನ ಜೊತೆ ಬಂದದ್ದಲ್ಲ. ಫೋನ್ ಕ್ಲೀನ್ ಮಾಡ್ತೀನಿ, ವೇಗ ಹೆಚ್ಚಿಸ್ತೀನಿ ಅನ್ನೋ ಆ್ಯಪು. ಯಾರು ಹಾಕಿದ್ದು?"

ಟೈಲರಮ್ಮ ಗಂಡನ ಕಡೆ ನೋಡಿದಳು. ಗಂಡ ಸೂರಿನ ಕಡೆ ನೋಡಿದ.

"ಫೋನು ನಿಧಾನ ಆಗಿತ್ತಲ್ಲ, ಅದಕ್ಕೆ..." ಎಂದು ಗೊಣಗಿದ.

"ಕಸ ಗುಡಿಸೋಕೆ ಬಂದೋನೇ ಕಸ ಸುರೀತಿದ್ದ!" ಎಂದು ರೇಡಿಯೊ ಅಕ್ಕ ನಕ್ಕರು. ಟೈಲರಮ್ಮನಿಗೂ ನಗು ತಡೆಯಲಾಗಲಿಲ್ಲ. ಬಡಗಿ ತಾನೇ ಬೆರಳು ಊರಿ ಅದನ್ನು ಅಳಿಸಿದ.

ಅದಾಗಿ ಹತ್ತೊಂಬತ್ತು ದಿನ ಕಳೆದಿರಬೇಕು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಟೈಲರಮ್ಮ ತೋಳು ಜೋಡಿಸುತ್ತಿದ್ದಾಗ ಫೋನು ಬಡಿದುಕೊಂಡಿತು. ತಂಗಿ ಮೂರು ಗಂಟೆಗೆ ಮುಂಚೆ ಕಾಲ್ ಮಾಡುವವಳಲ್ಲ. ತೆರೆದರೆ ಹಾಸ್ಟೆಲಿನ ವಾರ್ಡನ್ ಮುಖ, ಹಿಂದೆ ಆಸ್ಪತ್ರೆಯ ಹಸಿರು ಪರದೆ.

"ನಿಮ್ಮ ತಂಗಿಗೆ ಹೊಟ್ಟೆನೋವು, ಒದ್ದಾಡ್ತಿದಾಳೆ. ಅವಳು ಏನು ಹೇಳ್ತಿದಾಳೋ ಯಾರಿಗೂ ಅರ್ಥ ಆಗ್ತಿಲ್ಲ. ಡಾಕ್ಟರು ಇಲ್ಲೇ ಇದಾರೆ."

ಟೈಲರಮ್ಮ ಫೋನನ್ನು ನೂಲಿನ ಡಬ್ಬಕ್ಕೆ ಒರಗಿಸಿದಳು. ಕೈ ಎತ್ತಿದಳು. ಮಂಚದ ಮೇಲೆ ಮುದುಡಿ ಮಲಗಿದ್ದ ತಂಗಿ ಅಕ್ಕನ ಕೈ ಕಂಡದ್ದೇ ತಡ ಅಳಲು ಶುರುಮಾಡಿದಳು.

"ಅಳಬೇಡ. ಎಲ್ಲಿ? ಯಾವಾಗಿಂದ?"

ತಂಗಿಯ ಬೆರಳು ಹೊಕ್ಕುಳಿನ ಹತ್ತಿರ ಸುತ್ತಿ, ಮೆಲ್ಲಗೆ ಕೆಳಗೆ ಬಲಕ್ಕೆ ಸರಿಯಿತು. ಟೈಲರಮ್ಮ ನೋಡಿದ್ದನ್ನು ನೋಡಿದ ಹಾಗೇ ಬಾಯಲ್ಲಿ ಹೇಳಿದಳು. "ನಿನ್ನೆ ರಾತ್ರಿ ಹೊಕ್ಕುಳಿನ ಸುತ್ತ ಶುರುವಾಯ್ತಂತೆ ಡಾಕ್ಟ್ರೇ. ಈಗ ಬಲಗಡೆ ಕೆಳಗೆ ಇಳಿದಿದೆ. ಎರಡು ಸಲ ವಾಂತಿ ಆಗಿದೆ."

"ಯಾವುದಾದರೂ ಔಷಧಿ ಇವರಿಗೆ ಒಗ್ಗಲ್ವಾ, ಕೇಳ್ತೀರಾ?" ಎಂದರು ಡಾಕ್ಟರು.

ಅಕ್ಕ ಕೇಳಿದಳು. ತಂಗಿ ಎರಡೂ ಕೆನ್ನೆ ಉಬ್ಬಿಸಿ, ತೋಳು ಪರಪರ ಕೆರೆದು, ಗಂಟಲು ಹಿಡಿದು ತೋರಿಸಿದಳು. ಟೈಲರಮ್ಮನಿಗೆ ನೆನಪು ಒತ್ತರಿಸಿ ಬಂತು. "ಹೌದು ಡಾಕ್ಟ್ರೇ! ಚಿಕ್ಕವಳಿದ್ದಾಗ ಪೆನಿಸಿಲಿನ್ ಚುಚ್ಚಿದಾಗ ಮುಖ ಊದಿ, ಉಸಿರೇ ಕಟ್ಟಿತ್ತು."

ಡಾಕ್ಟರು ನರ್ಸಿನ ಕಡೆ ತಿರುಗಿ ಔಷಧಿ ಬದಲಾಯಿಸಲು ಹೇಳಿದರು. ಕರುಳಬಾಲಕ್ಕೆ ಬಾವು ಬಂದಂತಿದೆ, ಆಪರೇಷನ್ ಬೇಕಾಗಬಹುದು ಎಂದರು. ಅದನ್ನು ತಂಗಿಗೆ ಹೆದರಿಕೆಯಾಗದ ಹಾಗೆ ಹೇಳಿದವಳೂ ಅಕ್ಕನೇ. "ನಿದ್ದೆ ಮಾಡಿಸ್ತಾರೆ. ಎದ್ದಾಗ ನಾನು ಪಕ್ಕದಲ್ಲಿ ಇರ್ತೀನಿ," ಎಂದು ಕೈಯಲ್ಲೇ ಮಾತು ಕೊಟ್ಟಳು. ಕಾಲ್ ನಡೆದದ್ದು ಇಪ್ಪತ್ತೆರಡು ನಿಮಿಷ. ಒಂದು ಸಲವೂ ಚಿತ್ರ ನಿಲ್ಲಲಿಲ್ಲ. ತಂಗಿಯ ಮುಖಕ್ಕೆ ಏನೂ ಅಡ್ಡ ಬರಲಿಲ್ಲ.

ಸಂಜೆಯ ಹೊತ್ತಿಗೆ ಗಂಡಹೆಂಡಿರಿಬ್ಬರೂ ಆಸ್ಪತ್ರೆಯಲ್ಲಿದ್ದರು. ಆಪರೇಷನ್ ಸುಸೂತ್ರವಾಗಿ ಮುಗಿದಿತ್ತು. ಡಾಕ್ಟರು ಹೊರಗೆ ಬಂದು, "ನೀವು ಫೋನಿನಲ್ಲಿ ಸಿಗದೇ ಇದ್ದಿದ್ರೆ ನಾವು ಊಹೆಯ ಮೇಲೆ ಹೋಗಬೇಕಿತ್ತಮ್ಮಾ," ಎಂದರು. ಟೈಲರಮ್ಮ ಕೈಮುಗಿದಳು. ಬಡಗಿ ಗೋಡೆಗೆ ಒರಗಿ ನಿಂತು ಕಣ್ಣೊರೆಸಿಕೊಂಡ. "ಆವತ್ತು ಆ ಬಟನ್ ಒತ್ತಿಬಿಡ್ತಿದ್ದೆ ಕಣೇ ನಾನು," ಎಂದು ಮೆಲ್ಲಗೆ ಹೇಳಿದ.

ತಂಗಿ ಎದ್ದು ಓಡಾಡುವಂತಾದ ಮೇಲೆ ಮೂವರೂ ರೇಡಿಯೊ ಅಕ್ಕನ ಅಂಗಡಿಗೆ ಹೋದರು. ಬಡಗಿ ಅಂಗಡಿಗೆಂದು ತಾನೇ ಮಾಡಿದ ಖಾನೆಗಳ ಪೆಟ್ಟಿಗೆ ತಂದಿದ್ದ, ಸಣ್ಣ ಸ್ಕ್ರೂಗಳನ್ನು ಬೇರೆಬೇರೆಯಾಗಿ ಇಡಲು.

"ಇದೆಲ್ಲ ಯಾಕೆ ತಂದೆಯೋ? ನಾನೇನು ಮಾಡಿದೆ, ಅರ್ಧ ಗಂಟೆ ಕೂತು ನಾಲ್ಕು ಬಟನ್ ತೋರಿಸಿದೆ ಅಷ್ಟೇ," ಎಂದು ರೇಡಿಯೊ ಅಕ್ಕ ಸಂಕೋಚಪಟ್ಟುಕೊಂಡರು.

"ಆ ಅರ್ಧ ಗಂಟೆ ನಮಗೆ ಯಾರು ಕೊಡ್ತಿದ್ರು ಅಕ್ಕಾ?" ಎಂದಳು ಟೈಲರಮ್ಮ.

ತಂಗಿ ರೇಡಿಯೊ ಅಕ್ಕನ ಎರಡೂ ಕೈ ಹಿಡಿದು ತನ್ನ ಕಣ್ಣಿಗೊತ್ತಿಕೊಂಡಳು. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನಿನಲ್ಲೂ ನೀವು ಕರೆಯದೇ ಬಂದು ಕೂತವರು ಇದ್ದಾರು. ಸಿಟ್ಟು ಬರುವುದು ಸಹಜ. ಆದರೆ ಸಿಟ್ಟಿನ ಕೈಗೆ ಫೋನು ಕೊಡಬೇಡಿ. ಎಲ್ಲೋ ಸಿಕ್ಕ ಫೈಲು ಹಾಕಿ ರೂಟ್ ಮಾಡಲು ಹೋಗಬೇಡಿ. ಫೋನು ಚೊಕ್ಕ ಮಾಡುತ್ತೇವೆ ಎನ್ನುವ ಆ್ಯಪುಗಳನ್ನೂ ನಂಬಬೇಡಿ. ಇವತ್ತೇ ಬಿಡುವು ಮಾಡಿಕೊಂಡು, ಕಳೆದುಹೋದರೆ ಮತ್ತೆ ಸಿಗದ ಫೋಟೊ, ವಿಡಿಯೊಗಳನ್ನು ಮೊದಲು ಬೇರೆ ಕಡೆ ಇಳಿಸಿಡಿ. ಆಮೇಲೆ ಆ್ಯಪ್‌ಗಳ ಪಟ್ಟಿ ತೆರೆದು, ಬೇಡದ್ದನ್ನು ಅಳಿಸಿ, ಅಳಿಸಲಾಗದ್ದನ್ನು ನಿಷ್ಕ್ರಿಯಗೊಳಿಸಿ, ಅದೂ ಆಗದಿದ್ದರೆ ಅನುಮತಿಗಳನ್ನು ತೆಗೆಯಿರಿ. ಗೊತ್ತಿಲ್ಲದ ಹೆಸರು ಕಂಡರೆ ಬಲ್ಲವರನ್ನು ಕೇಳಿ, ಕೇಳಲು ನಾಚಿಕೆ ಬೇಡ. ಬಲ್ಲವರು ನೀವೇ ಆಗಿದ್ದರೆ, ಪಕ್ಕದ ಮನೆಯಲ್ಲಿ ಅರ್ಧ ಗಂಟೆ ಕೂತು ಬನ್ನಿ. ಆ ಮನೆಯ ಫೋನಿನ ಆಚೆ ಬದಿಯಲ್ಲಿ ಯಾರು ಕಾಯುತ್ತಿದ್ದಾರೋ, ಅವರಿಗೆಲ್ಲ ನಿಮ್ಮಿಂದ ಉಪಕಾರವಾದೀತು.