ನಮ್ಮ ಹಲಗೆ, ಅವರ ಹಲಗೆ

ಎರಡು ದ್ವೀಪಗಳೂ ಪ್ಲೈವುಡ್ ಹಲಗೆಯನ್ನು ಹೊರಗಿನಿಂದಲೇ ತರಿಸಬೇಕು. ಹಲ್ಲುಕಡ್ಡಿ ಮಾಡೋಣವೆಂದರೂ ಅಲ್ಲಿ ಮರವಿಲ್ಲ. ಆ ವರ್ಷ ಎರಡೂ ಕಡೆ ಬಂದಿಳಿದ ಹಲಗೆಗಳ ಎಣಿಕೆ ಹೆಚ್ಚುಕಡಿಮೆ ಒಂದೇ. ಬೆಲೆ ಮಾತ್ರ ಎದುರು ದ್ವೀಪದ್ದು ಮೂರು ಪಟ್ಟು! ಈ ದ್ವೀಪದ ಅಂಕಿಅಂಶ ಕಚೇರಿಯ ಸಾಹೇಬರಿಗೆ ಮೂಗು ಕೊಯ್ದಂತಾಯಿತು.

“ನಾವೇನು ಗತಿಗೆಟ್ಟವರೇನ್ರಿ? ಹೋಗಿ, ಕಾರಣ ತಿಳ್ಕೊಂಡು ಬನ್ನಿ,” ಎಂದು ಗುಮಾಸ್ತನನ್ನು ಅಟ್ಟಿದರು.

ಗುಮಾಸ್ತನಿಗೆ ಹೋಗಲು ತನ್ನದೇ ಕಾರಣವೂ ಇತ್ತು. ಅವನಿಗೂ ಹಲಗೆ ಬೇಕಿತ್ತು, ಅದೂ ಎದುರು ದ್ವೀಪದ ದುಬಾರಿ ಹಲಗೆಯೇ. ಅವನೂ ಅವನ ಅಣ್ಣನೂ ಒಂದೇ ಮನೆಯಲ್ಲಿದ್ದರೂ ಕೆಲವು ದಿನಗಳಿಂದ ಮಾತಿಲ್ಲ, ಕತೆಯಿಲ್ಲ. ಹೆಂಗಸರ ಜಗಳ ಅಂದುಕೊಂಡಿರಾ? ಛೇ, ಪಾಪ! ಓರಗಿತ್ತಿಯರು ಹಾಲು ಜೇನು. ಮುನಿಸೆಲ್ಲ ಈ ಇಬ್ಬರು ಮೀಸೆ ಹೊತ್ತ ಮಹಾಶಯರದು. ದೋಣಿ ನಡೆಸಿ ನಿವೃತ್ತನಾದ ಅಣ್ಣ ನಾಲ್ಕು ಜನರ ಮುಂದೆ, “ನಮ್ ತಮ್ಮ ಊರವರ ಹಲಗೆ ಎಣಿಸಿ ಸಂಬಳ ತಗೋತಾನೆ,” ಅಂದ. ತಮ್ಮ ಬಿಟ್ಟಾನೆಯೇ? “ನೀನು ದೋಣಿನ ದಡಕ್ಕೆ ಗುದ್ದಿ ಗುದ್ದಿ ಪಿಂಚಣಿ ತಗೋತೀಯ,” ಅಂದ. ನಡುಮನೆಗೆ ಅಡ್ಡಗೋಡೆ ಎಬ್ಬಿಸುವುದೆಂದು ಅವತ್ತೇ ತೀರ್ಮಾನವಾಯಿತು. ಆ ತೀರ್ಮಾನವನ್ನೂ ಹೆಂಡತಿಯರ ಬಾಯಲ್ಲಿ ಹೇಳಿ ಕಳಿಸಿಕೊಂಡರು, ಪುಣ್ಯಾತ್ಮರು.

ಎದುರು ದ್ವೀಪದ ಹಲಗೆ ಅಂಗಡಿಯವನು ಪ್ರಶ್ನೆ ಕೇಳಿ ನಕ್ಕ. “ಎರಡು ಕಡೆನೂ ಹಲಗೆ ಹೋಗೋದು ಒಂದೇ ಕೆಲಸಕ್ಕೆ ಸ್ವಾಮಿ. ಮನೆ ಪಾಲಾದಾಗ ಅಡ್ಡಗೋಡೆಗೆ. ನಿಮ್ಮೋರು ಕಾಗದದಂಥದ್ದು ತರಿಸ್ತಾರೆ, ನಮ್ಮೋರು ಇದನ್ನ.” ದಪ್ಪ ಹಲಗೆಯೊಂದನ್ನು ಮುಷ್ಟಿಯಿಂದ ಗುದ್ದಿದ. ಸದ್ದೇ ಬರಲಿಲ್ಲ. “ನೋಡಿದ್ರಾ? ಇದನ್ನ ಹಾಕಿದ್ರೆ ಮುಗೀತು. ಆ ಕಡೆ ಸತ್ರೂ ಈ ಕಡೆ ಗೊತ್ತಾಗಲ್ಲ!”

ಗುಮಾಸ್ತ ತಾನೂ ಒಮ್ಮೆ ಗುದ್ದಿ, ಕಿವಿಯಿಟ್ಟು ನೋಡಿದ. ಅಣ್ಣನಿಗೆ ಉಬ್ಬಸ. ಮಾತು ಬಿಟ್ಟ ಮೇಲೂ ದಿನಾ ಬೆಳಗ್ಗೆ ಅವನ ಕೆಮ್ಮು ಕೇಳಿಸಿದ ಮೇಲೆಯೇ ತಾನು ಹಾಸಿಗೆ ಬಿಡುತ್ತಿದ್ದದ್ದು ಈಗ ಹೊಳೆಯಿತು. ಹೆದರಿಕೆಯಾಯಿತು. ಹಾಳು ಮುನಿಸು, ಅದನ್ನು ಬಿಡಲೂ ಮನಸ್ಸಿಲ್ಲ.

“ನಮ್ಮೋರು ತಗೊಳ್ಳೋ ಅಂಥದ್ದೇ ಕೊಡಿ,” ಅಂದ. “ಇನ್ನೂ ತೆಳ್ಳಗಿದ್ರೆ ಇನ್ನೂ ಒಳ್ಳೇದು.”

“ಅದಕ್ಕೆ ಗೋಡೆ ಯಾಕೆ ಸ್ವಾಮಿ, ಪರದೆ ಕಟ್ಕೊಳ್ಳಿ!” ಎಂದು ಅಂಗಡಿಯವನು ಗೊಣಗುತ್ತಲೇ ಮೂಲೆಯಲ್ಲಿ ಬಿದ್ದಿದ್ದ ತೆಳು ಹಲಗೆ ಕಟ್ಟಿಕೊಟ್ಟ.

“ನಮ್ಮ ಜನ ಬೇರೆಯಾದರೂ ಆ ಕಡೆಯ ಸದ್ದು ಕೇಳಿಸುತ್ತಿರಬೇಕು, ಅದಕ್ಕೇ ಅಗ್ಗದ ಹಲಗೆ” ಎಂದು ಗುಮಾಸ್ತ ವರದಿ ಬರೆದ. ಸಾಹೇಬರು ಕನ್ನಡಕ ತೆಗೆದು ಒರೆಸಿ, “ಇದನ್ನ ಯಾವ ಕಾಲಮ್ಮಿಗೆ ಹಾಕಲಿ ಮಾರಾಯಾ?” ಅಂದರು.

ಮನೆಯಲ್ಲಿ ಅಡ್ಡಗೋಡೆ ಎದ್ದಿತು. ಮರುದಿನ ಬೆಳಗಾಯಿತು. ಆ ಕಡೆಯಿಂದ ಕೆಮ್ಮಿಲ್ಲ. ಗುಮಾಸ್ತ ಮಿಸುಕಾಡದೆ, ಕಿವಿ ನೆಟ್ಟು ಕಾದ. ಊಹೂಂ. ಮುನಿಸು ಗಿನಿಸು ಎಲ್ಲ ಗಾಳಿಗೆ ಹೋಯಿತು. ಎದ್ದು ಹೋಗಿ ಎರಡೂ ಕೈಯಲ್ಲಿ ಹಲಗೆ ಬಡಿದ.

“ಅಣ್ಣಾ! ಅಣ್ಣಾ! ಇದ್ದೀಯಾ?”

ಉತ್ತರ ದೂರದಿಂದೇನೂ ಬರಲಿಲ್ಲ. ಹಲಗೆಯ ಆಚೆ, ಅವನ ಕಿವಿಯ ಪಕ್ಕದಲ್ಲೇ ಬಂತು.

“ಇದ್ದೀನಿ ಕಣೋ, ಕೂಗಬೇಡ. ನೀನಿನ್ನೂ ಎದ್ದ ಸದ್ದೇ ಇಲ್ವಲ್ಲ ಅಂತ, ಕೆಮ್ಮು ತಡಕೊಂಡು ಕಿವಿ ಕೊಟ್ಟು ನಿಂತಿದ್ದೆ.”