ಎಡಗಡೆಯ ಪೆಟ್ಟಿಗೆ

ಹೆತ್ತವಳಿಗೆ ಮಗುವಿನ ಅಳು ಹೇಗೋ ಹೊಲಿಗೆಯವನಿಗೆ ತನ್ನ ಹೊಲಿಗೆ ಹಾಗೆ. ಹತ್ತು ಜನರದ್ದರ ನಡುವೆ ಇಟ್ಟರೂ ಗುರುತು ಸಿಕ್ಕೇ ಸಿಗುತ್ತದೆ. ಆದ್ದರಿಂದಲೇ ಆ ಭಾನುವಾರ ಬೆಳಗ್ಗೆ, ಹಳೇ ಸಾಮಾನಿನ ಅಂಗಡಿಯಿಂದ ಆಗಷ್ಟೇ ಕೊಂಡು ತಂದ ಬೈಕಿನ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ಕೈಯಾಡಿಸಿದ ಕುಶನ್ ಇದ್ದಲ್ಲೇ ಕಲ್ಲಾದ. ಪೆಟ್ಟಿಗೆಯ ಒಳಗೆ ಹಸಿರು ಬಟ್ಟೆಯ ಅಸ್ತರಿತ್ತು. ಮೂಲೆಗೆ ಬಂದಾಗಲೆಲ್ಲ ದಾರ ಮೂರು ಹೊಲಿಗೆ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬಂದಿತ್ತು. ಹಾಗೆ ಹೊಲಿಯುವ ಚಾಳಿ ಊರಿನಲ್ಲಿ ಒಬ್ಬನಿಗೇ ಇದ್ದದ್ದು, ಅದು ಅವನಿಗೇ.

ಕುಶನ್ ಅವನ ಹೆಸರಲ್ಲ, ಕಸುಬು. ಗಾಡಿಗಳ ಸೀಟು ಹೊಲಿಯುತ್ತಾನೆ. ಆಳು ಕೂಡ ಮೆತ್ತಗೇ ಇರುವುದರಿಂದ ಜನ ಹಾಗೆಂದೇ ಕರೆದರು, ಅವನೂ ಬೇಡವೆನ್ನಲಿಲ್ಲ. ಹಸಿರು ಅಸ್ತರನ್ನು ಅವನು ಎರಡು ವರ್ಷದ ಹಿಂದೆ ಯಾರದೋ ಸೋಫಾದಲ್ಲಿ ಉಳಿದ ಬಟ್ಟೆಯಿಂದ ಹೊಲಿದದ್ದು, ತನ್ನ ಅಕ್ಕನ ಗಂಡನ ಬೈಕಿನ ಪೆಟ್ಟಿಗೆಗೆ. ಭಾವನ ಪೆಟ್ಟಿಗೆ ಹಳೇ ಸಾಮಾನಿನ ಅಂಗಡಿಗೆ ಹೇಗೆ ಬಂತು?

ಇಲ್ಲಿ ಭಾವನ ವಿಷಯ ಸ್ವಲ್ಪ ಹೇಳಬೇಕು. ಭಾವ ಬಸ್ ಡ್ರೈವರ್. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಒಂದು ಕೋಳಿಗೂ ಗಾಡಿ ತಾಗಿಸಿದವರಲ್ಲ. ಬೆಳಗ್ಗೆ ಏಳರ ಅವರ ಬಸ್ಸಿನಲ್ಲೇ ಕುಶನ್‌ನ ಒಂಬತ್ತು ವರ್ಷದ ಮಗಳು ಗುಬ್ಬಿ ಶಾಲೆಗೆ ಹೋಗುವುದು. ಅವಳೊಬ್ಬಳೇ ಅಲ್ಲ, ಆ ದಾರಿಯ ಅರ್ಧ ಶಾಲೆಯೇ ಹೋಗುತ್ತದೆ. 'ಭಾವನ ಬಸ್ಸಿಗೆ ಹತ್ತಿಸಿದರೆ ಮಗು ಮನೆಯಲ್ಲೇ ಇದ್ದ ಹಾಗೆ' ಎಂದು ಕುಶನ್ ನಿಶ್ಚಿಂತೆಯಿಂದ ಎರಡನೇ ನಿದ್ದೆಗೆ ಜಾರುತ್ತಿದ್ದ.

ಬೈಕಿನ ಹುಚ್ಚು ಹತ್ತಿಸಿದ್ದೂ ಭಾವನೇ. ಅವರ ಬಳಿ ಒಂದು ದೊಡ್ಡ ಬೈಕಿತ್ತು. ಓಟಕ್ಕೂ ಸೈ, ಪೆಟ್ಟಿಗೆ ಕಟ್ಟಿಕೊಂಡು ಊರೂರು ಸುತ್ತುವುದಕ್ಕೂ ಸೈ. ಅದೇ ಮಾಡೆಲಿನ ಹನ್ನೊಂದು ವರ್ಷ ಹಳೆಯದೊಂದು ಮಾರಾಟಕ್ಕೆ ಬಂದಾಗ, "ತಗೋ ಮಾರಾಯ, ಎಂಜಿನ್ ಗಟ್ಟಿ ಇದೆ, ಮಿಕ್ಕಿದ್ದು ನಾವು ಮಾಡ್ಕೊಳ್ಳೋಣ" ಅಂದರು. ಮಿಕ್ಕಿದ್ದೇನು ಕಡಿಮೆ ಇತ್ತೇ! ಚೈನು ತುಕ್ಕು ಹಿಡಿದಿತ್ತು, ಬ್ರೇಕ್ ಪ್ಯಾಡು ಹಪ್ಪಳದಷ್ಟಾಗಿತ್ತು, ರೇಡಿಯೇಟರಿನಿಂದ ಚರಂಡಿ ನೀರು ಬಂತು. ಭಾವ ಪಕ್ಕದಲ್ಲಿ ಕೂತು ಒಂದೊಂದನ್ನೂ ಕಲಿಸಿದರು. ಚೈನು ಎಷ್ಟು ಬಿಗಿ ಇರಬೇಕು, ಬ್ರೇಕಿನಿಂದ ಗಾಳಿ ಹೇಗೆ ತೆಗೆಯಬೇಕು, ವಾಲ್ವಿನ ಸಂದು ಹೇಗೆ ಅಳೆಯಬೇಕು. ಶಾಲೆಗೆ ರಜೆ ಬಂದ ಕೂಡಲೇ ಎರಡೂ ಬೈಕು ಜೋಡಿಯಾಗಿ ಸಮುದ್ರ ನೋಡಲು ಹೊರಡುವುದೆಂದು ಮಾತಾಗಿತ್ತು.

ಆ ಪ್ರಯಾಣಕ್ಕೆಂದೇ ಕುಶನ್ ಆರು ತಿಂಗಳಿಂದ ಸೇತುವೆಯ ಪಕ್ಕದ ಹಳೇ ಸಾಮಾನಿನ ಅಂಗಡಿಗೆ ಎಡತಾಕುತ್ತಿದ್ದ. ಅದೃಷ್ಟ ಅಂದರೆ ಅದೃಷ್ಟ, ಕೇಳಿದ್ದೆಲ್ಲ ಸಿಕ್ಕಿತು. ಎತ್ತರದ ಗಾಳಿತಡೆ ಗಾಜು ಸಿಕ್ಕಿತು, ಹಿಂದಿನ ಶಾಕ್ ಅಬ್ಸಾರ್ಬರ್ ಸಿಕ್ಕಿತು, ಆಮೇಲೆ ಕ್ಲಚ್ ಲಿವರು, ಕನ್ನಡಿ, ಈಗ ಪೆಟ್ಟಿಗೆ. ಭಾವ ಮಾತ್ರ ಇತ್ತೀಚೆಗೆ ಕೈ ಜೋಡಿಸಲು ಬರುತ್ತಿರಲಿಲ್ಲ. ಡ್ಯೂಟಿ ಜಾಸ್ತಿ ಅನ್ನುತ್ತಿದ್ದರು.

'ಕಳ್ಳತನವೇ ಆಗಿರಬೇಕು' ಅಂದುಕೊಂಡ ಕುಶನ್ ಫೋನ್ ಮಾಡಿದ.

"ಭಾವ, ನಿಮ್ಮ ಬೈಕ್ ಎಲ್ಲಿದೆ?"

"ಶೆಡ್ಡಲ್ಲಿ. ಮತ್ತೆಲ್ಲಿ ಹೋಗುತ್ತೆ? ಈಗ ತಾನೇ ಒರೆಸಿ ಮುಚ್ಚಿಟ್ಟೆ."

"ಪೆಟ್ಟಿಗೆಗಳು?"

"ಬೈಕಿಗೇ ಇವೆಯಲ್ಲೋ. ಯಾಕೆ?"

"ಏನಿಲ್ಲ, ಸುಮ್ಮನೆ" ಅಂದು ಕುಶನ್ ಫೋನ್ ಇಟ್ಟ. ಭಾವ ಸುಳ್ಳು ಹೇಳಿದರು! ಮದುವೆಯಾಗಿ ಮನೆಗೆ ಬಂದ ದಿನದಿಂದ ಹುಡುಗಾಟಕ್ಕೂ ಸುಳ್ಳು ಹೇಳದ ಮನುಷ್ಯ.

ಅವನು ತನ್ನ ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೊಂಡ ಸಾಮಾನುಗಳನ್ನು ಮೊದಲ ಸಲ ಕಣ್ಣುಬಿಟ್ಟು ನೋಡಿದ. ಗಾಜಿನ ಎಡ ಅಂಚು ಉಜ್ಜಿಹೋಗಿತ್ತು. ಎಡಗಡೆಯ ಕನ್ನಡಿಯ ಕಡ್ಡಿ ತರಚಿತ್ತು. ಕ್ಲಚ್ ಲಿವರಿನ ತುದಿ ಸವೆದಿತ್ತು, ಅದಿರುವುದೂ ಎಡಕ್ಕೇ. ಪೆಟ್ಟಿಗೆಯೂ ಎಡಗಡೆಯದೇ, ಹೊರಮೈಯಲ್ಲಿ ಒಂದಲ್ಲ, ಮೂರು ಬೇರೆ ಬೇರೆ ಎತ್ತರದ ಗೀರುಗಳು. ಒಂದು ಸಲ ಬಿದ್ದ ಬೈಕಿಗೆ ಇಂಥ ಗುರುತು ಆಗುವುದಿಲ್ಲ. ಇದು ಮತ್ತೆ ಮತ್ತೆ ತಾಗಿದ್ದು. ಇದನ್ನು ಅವನಿಗೆ ಕಲಿಸಿದ್ದೂ ಭಾವನೇ.

ಪೆಟ್ಟಿಗೆಯನ್ನು ಎತ್ತಿಕೊಂಡು ಅವನು ಅಕ್ಕನ ಮನೆಗೆ ಓಡುನಡಿಗೆಯಲ್ಲೇ ಹೋದ.

"ಬಾರೋ" ಅಂದಳು ಅಕ್ಕ ಬಾಗಿಲಲ್ಲಿ. "ನಿಮ್ಮ ಭಾವ ಹಿತ್ತಲ ಶೆಡ್ಡಲ್ಲಿದ್ದಾರೆ. ಬೆಳಗಿನಿಂದ ಬೈಕ್ ಒರೆಸಿದ್ದೇ ಒರೆಸಿದ್ದು. ನನ್ನನ್ನ ಒಂದಿನ ಹಾಗೆ ನೋಡ್ಕೊಂಡಿದ್ದಿದ್ರೆ! ಕೂತಿರು, ಟೀ ತರ್ತೀನಿ."

ಭಾವ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತು ರೇಡಿಯೋ ಕೇಳುತ್ತಿದ್ದರು. ಎದುರಿಗೆ ಬೂದುಬಣ್ಣದ ಹೊದಿಕೆಯ ಕೆಳಗೆ ಬೈಕು ಗಂಭೀರವಾಗಿ ನಿಂತಿತ್ತು. ಕುಶನ್ ನೇರ ಹೋಗಿ ಹೊದಿಕೆ ಹಿಡಿದು ಎಳೆದ.

ಅವನ ಕೈಯಲ್ಲಿದ್ದ ಪೆಟ್ಟಿಗೆ ಜಾರಿ ಬಿತ್ತು. ಒಳಗೆ ಬೈಕಿರಲಿಲ್ಲ. ಎಂಜಿನ್ನೂ ಅದರ ಚೌಕಟ್ಟೂ ಮಾತ್ರ ಕಟ್ಟಿಗೆಯ ದಿಮ್ಮಿಗಳ ಮೇಲೆ ಕೂತಿದ್ದವು. ಹ್ಯಾಂಡಲ್ ಇರಬೇಕಾದ ಕಡೆ ಕಸ ಗುಡಿಸುವ ಒಂದು ಹಿಡಿಸೂಡಿಯನ್ನು ಅಡ್ಡಕ್ಕೆ ಕಟ್ಟಲಾಗಿತ್ತು. ಸೀಟಿನ ಜಾಗದಲ್ಲಿ ದಿಂಬು, ಪೆಟ್ಟಿಗೆಗಳ ಜಾಗದಲ್ಲಿ ಎರಡು ರಟ್ಟಿನ ಡಬ್ಬ. ಹೊದಿಕೆಯ ಆಕಾರ ಕೆಡದ ಹಾಗೆ ಹೊಲದ ಬೆದರುಬೊಂಬೆಯಂತೆ ಎಲ್ಲವನ್ನೂ ಜೋಡಿಸಲಾಗಿತ್ತು. ಅಕ್ಕ ದಿನಾ ಇದರ ಪಕ್ಕದಲ್ಲೇ ಬಟ್ಟೆ ಒಣಹಾಕುತ್ತಿದ್ದಳು.

"ಭಾವ, ಏನಿದು?"

ಭಾವ ರೇಡಿಯೋ ಆರಿಸಿದರು. ತಡೆದು ತಡೆದು ಹೇಳಿದರು. "ನೀನು ಕೊಂಡ್ಕೊಳ್ತಿದ್ದೀಯ ಅಂತ ಗೊತ್ತಿರಲಿಲ್ಲ ಕಣೋ. ಅಂಗಡಿಯವನಿಗೆ ಹೆಸರು ಹೇಳ್ಬೇಡ ಅಂದಿದ್ದೆ."

"ಅದಿರಲಿ. ಎಡಗಡೆ ಯಾಕೆ ಹೀಗೆ ತರಚಿದೆ?"

ಭಾವ ರೇಡಿಯೋದ ಗುಂಡಿ ತಿರುವುತ್ತ ಕೂತರು. ಕುಶನ್‌ಗೆ ಏನು ಹೊಳೆಯಿತೋ, ಬಾಗಿ ನೆಲದಿಂದ ಒಂದು ಸ್ಪ್ಯಾನರ್ ಎತ್ತಿಕೊಂಡು ಭಾವನ ಎಡಕ್ಕೆ ಹೋಗಿ ನಿಂತು, ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ಹಿಡಿದ. ಭಾವ ನೇರ ನೋಡುತ್ತಲೇ ಇದ್ದರು. ಅವನು ಸ್ಪ್ಯಾನರ್ ಆಡಿಸಿದ. ಭಾವ ಮಿಸುಕಲಿಲ್ಲ.

"ಎಲ್ಲಿ ಹೋದೆಯೋ?" ಅಂದರು.

ಕುಶನ್ ಸ್ಪ್ಯಾನರನ್ನು ಸ್ಟೂಲಿನ ಪಕ್ಕ ನೆಲಕ್ಕಿಟ್ಟ.

"ಎದುರಿಂದು ಚೆನ್ನಾಗೇ ಕಾಣುತ್ತೆ" ಅಂದರು ಭಾವ, ಅವನು ನಿಂತ ಕಡೆಗೆ ಪೂರ್ತಿ ತಿರುಗಿ. "ಎಡಪಕ್ಕದ್ದು ಹೋಗಿದೆ. ಕಣ್ಣಿನ ನರ ಒಣಗ್ತಿದೆಯಂತೆ, ಹೋದದ್ದು ವಾಪಸ್ ಬರಲ್ಲವಂತೆ. ಮೊದಲು ಗೇಟಿನ ಕಂಬಕ್ಕೆ ತಾಗಿಸಿದೆ. ಆಮೇಲೆ ಒಂದು ತಳ್ಳುಗಾಡಿಗೆ. ಮೂರನೇ ಸಲ ಸೈಕಲ್ ಮೇಲಿದ್ದ ಒಬ್ಬ ಮುದುಕ. ಅವನಿಗೇನೂ ಆಗಲಿಲ್ಲ, ದೇವರು ದೊಡ್ಡವನು. ಅವತ್ತೇ ಬೈಕ್ ಬಿಟ್ಟೆ. ಪೂರ್ತಿ ಬೈಕು ಒಮ್ಮೆಲೇ ಹೋದ್ರೆ ನಿಮ್ಮಕ್ಕ ಕೇಳ್ತಾಳಲ್ಲ, ಅದಕ್ಕೆ ಒಂದೊಂದೇ ಬಿಚ್ಚಿ ಕೊಟ್ಟೆ."

"ಯಾವತ್ತಿನ ಮಾತು ಇದು?"

"ಏಳು ತಿಂಗಳಾಯ್ತು."

ಕುಶನ್ ಬೆರಳು ಮಡಿಸಿ ಎಣಿಸುವ ಅಗತ್ಯವಿರಲಿಲ್ಲ. ಏಳು ತಿಂಗಳಲ್ಲಿ ಗುಬ್ಬಿ ಎಷ್ಟು ಬೆಳಗ್ಗೆ ಆ ಬಸ್ ಹತ್ತಿದ್ದಳು! ಎಷ್ಟು ಬೆಳಗ್ಗೆ ಅವನೇ ಕೈಬೀಸಿ ಹಿಂತಿರುಗಿದ್ದ!

"ಬೈಕ್ ಬಿಟ್ರಿ" ಅಂದ. ತನ್ನ ದನಿ ತನಗೇ ಗುರುತು ಸಿಗಲಿಲ್ಲ. "ಬಸ್ಸು?"

"ಬಸ್ಸಿಗೆ ದೊಡ್ಡ ಕನ್ನಡಿ ಇದೆ. ವರ್ಷಾ ವರ್ಷಾ ಕಣ್ಣು ಪರೀಕ್ಷೆ ಮಾಡ್ತಾರೆ, ಗೋಡೆ ಮೇಲಿನ ಅಕ್ಷರ ಪಟಪಟ ಓದ್ತೀನಿ. ಹತ್ತೊಂಬತ್ತು ವರ್ಷದಿಂದ ಅದೇ ದಾರಿ, ಕಣ್ಣು ಮುಚ್ಚಿಕೊಂಡು ಓಡಿಸ್ತೀನಿ."

ಹೇಳಿದ ಮೇಲೆ ಭಾವನಿಗೂ ಆ ಮಾತು ಕೇಳಿಸಿರಬೇಕು. ತಲೆ ತಗ್ಗಿಸಿದರು.

"ಬಾಗಿಲಿರೋದು ಎಡಕ್ಕೆ ಭಾವ. ಮಕ್ಕಳು ಹತ್ತೋದು ಎಡಕ್ಕೆ."

"ಇನ್ನು ಎಂಟೇ ತಿಂಗಳು ಕಣೋ ನಿವೃತ್ತಿಗೆ. ಮೂವತ್ತೊಂದು ವರ್ಷ ಮರ್ಯಾದೆಯಿಂದ ದುಡಿದಿದ್ದೀನಿ. ಕುರುಡ ಅಂತ ಇಳಿಸಿಬಿಟ್ರು ಅನ್ನಿಸ್ಕೊಳ್ಳಲಾ? ನಿನ್ನ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳ್ಬೇಡ. ನಿಮ್ಮಕ್ಕನಿಗಂತೂ ಬೇಡ."

ತಂದೆಯಂತೆ ನೋಡಿದ ಮನುಷ್ಯ ಎದುರಿಗೆ ಕೈಜೋಡಿಸಿ ಕೂತಿದ್ದರು. ಕುಶನ್‌ಗೆ ಅಳು ಬಂತು, ಅದರ ಹಿಂದೆಯೇ ಎಂದೂ ಬಾರದ ಸಿಟ್ಟೂ ಬಂತು. ಸೈಕಲ್ಲಿನ ಮುದುಕನಿಗೆ ಹೆದರಿ ಬೈಕ್ ಬಿಚ್ಚಿಟ್ಟವರು ಮಾರನೇ ಬೆಳಗ್ಗೆ ಅರವತ್ತು ಜನರನ್ನು ಹತ್ತಿಸಿಕೊಂಡು ಹೇಗೆ ಹೊರಟರು? ಬೈಯಬೇಕೆಂದು ಬಾಯಿ ತೆರೆದರೆ ಬೇರೆಯೇ ಮಾತು ಬಂತು.

"ಸರಿ, ನಾನು ಯಾರಿಗೂ ಹೇಳಲ್ಲ. ನೀವು ಒಂದೇ ಒಂದು ಹೇಳಿ. ನಾಳೆ ಬೆಳಗ್ಗೆ ಗುಬ್ಬಿನ ನಿಮ್ಮ ಬಸ್ಸಿಗೆ ಹತ್ತಿಸಲಾ?"

ಭಾವ ಹಣೆ ಉಜ್ಜಿಕೊಂಡರು. ಬಿದ್ದಿದ್ದ ಪೆಟ್ಟಿಗೆಯನ್ನು ನೋಡಿದರು, ಹಿಡಿಸೂಡಿಯನ್ನು ನೋಡಿದರು.

"ಬೇಡ" ಅಂದರು.

"ಹಾಗಾದ್ರೆ ಬೇರೆಯವರ ಮಕ್ಕಳು?"

ಹೊರಗೆ ಪಕ್ಕದ ಮನೆಯವರು ನೀರು ಹಿಡಿಯುವ ಸದ್ದು ಕೇಳುತ್ತಿತ್ತು. ಭಾವ ಜೇಬು ತಡಕಾಡಿ ಫೋನ್ ತೆಗೆದು ಡಿಪೋಗೆ ಹಚ್ಚಿದರು.

"ನಾಳೆ ನನ್ನ ಬಸ್ಸಿಗೆ ಬೇರೆ ಡ್ರೈವರನ್ನ ಹಾಕಿ ಸ್ವಾಮಿ... ಇಲ್ಲ, ನಾಡಿದ್ದೂ ಬರಲ್ಲ... ಜ್ವರ ಅಲ್ಲ."

ಅಕ್ಕ ಟೀ ಲೋಟಗಳ ತಟ್ಟೆ ಹಿಡಿದು ಭಾವನ ಎಡಕ್ಕಿದ್ದ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತಳು. ಬಿಚ್ಚಿಟ್ಟ ಬೈಕನ್ನೂ ಅಡ್ಡ ಕಟ್ಟಿದ ತನ್ನದೇ ಹಿಡಿಸೂಡಿಯನ್ನೂ ನೋಡಿ ಅವಳ ಬಾಯಿ ತೆರೆದುಕೊಂಡಿತು. ಕುಶನ್ ಸನ್ನೆ ಮಾಡುವಷ್ಟರಲ್ಲಿ ತಡವಾಗಿತ್ತು. ಎರಡೇ ಮಾರು ದೂರ ನಿಂತ ಹೆಂಡತಿ ಕಾಣದೆ ಭಾವ ಫೋನಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು.

"ಕಣ್ಣು ಕಾಣಲ್ಲ ಸ್ವಾಮಿ ನನಗೆ. ಮನೆಯಲ್ಲಿ ಇನ್ನೂ ಹೇಳಿಲ್ಲ."