ಬಾಗಿಲು ಹೊತ್ತು ನಡೆದವನು

ಮುಂದಿನ ಸಾಲಿನ ಹೆಂಗಸಿನ ಚೀಲದಿಂದ ಲೀಕ್ ಸೊಪ್ಪಿನ ತುದಿಗಳು ಇಣುಕುತ್ತಿವೆ, ಅವಕ್ಕೂ ಸಿನಿಮಾ ನೋಡಬೇಕೆನಿಸಿದಂತೆ, ಸಂತೆ ಮುಗಿಸಿ ನೇರವಾಗಿ ಇಲ್ಲಿಗೇ ಬಂದಿರಬೇಕು, ದಪ್ಪ ಕತ್ತು, ಅಗಲ ಬೆನ್ನು, ನಗುವವಳ ಬೆನ್ನೋ ಅಲ್ಲವೋ — ಬೆನ್ನು ನೋಡಿ ಹೇಳುವುದು ಹೇಗೆ, ಸೋಲಾಂಜ್ ಮತ್ತೊಮ್ಮೆ ತಲೆ ಎಣಿಸುತ್ತಾಳೆ, ಹನ್ನೊಂದು, ತಾವಿಬ್ಬರನ್ನು ಬಿಟ್ಟರೆ ಒಂಬತ್ತು, ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಬೆಸಾನ್ಸೋನ್‌ನಂಥ ಊರಲ್ಲಿ ಒಂಬತ್ತು ಜನ ಬಂದದ್ದೇ ಹೆಚ್ಚು, ಅದೂ ಅರವತ್ತೆರಡು ವರ್ಷ ಯಾರೂ ನೆನೆಯದ ಒಂದು ಹಾಸ್ಯಚಿತ್ರಕ್ಕೆ. ಪಕ್ಕದಲ್ಲಿ ಆರ್ಮಾನ್, ಅವಳ ಗಂಡ, ಎಂಬತ್ತೆಂಟು ವರ್ಷದ ಮೊಣಕಾಲುಗಳ ಮೇಲೆ ಟೊಪ್ಪಿ, ಕೋಟು ಬಿಚ್ಚಿಲ್ಲ, ಗುಂಡಿ ಕೂಡ ತೆಗೆದಿಲ್ಲ, ದಾರಿಯ ಪಕ್ಕದ ಕುರ್ಚಿಯೇ ಬೇಕು ಎಂದು ಹಟ ಹಿಡಿದು ಕೂತವನು, ಓಡಿಹೋಗಬೇಕಾದರೆ ಯಾರ ಕಾಲೂ ತುಳಿಯಬಾರದು ನೋಡು ಎಂದಿದ್ದ. ಎಷ್ಟೊಂದು ಷರತ್ತು, ಕೊನೆಯ ಸಾಲು, ತಾನು ಬಂದದ್ದು ಯಾರಿಗೂ ಹೇಳಕೂಡದು, ವೇದಿಕೆಗೆ ಕರೆಯಕೂಡದು, ಥಿಯೇಟರು ನಡೆಸುವ ಆ ಹುಡುಗಿ ಎಲೋಡಿ ಫೋನಿನಲ್ಲಿ ಎಲ್ಲಕ್ಕೂ ಆಗಲಿ ಮದಾಮ್, ಆಗಲಿ ಮದಾಮ್ ಎಂದಳು, ಅಷ್ಟು ಖುಷಿ ಅವಳಿಗೆ, ಯಾವುದೋ ನೆಲಮಾಳಿಗೆಯಲ್ಲಿ ಚಿತ್ರದ ಪ್ರತಿ ಸಿಕ್ಕಿತಂತೆ, ತೊಳೆದು ಒರೆಸಿ ಸರಿಮಾಡಿದರಂತೆ, ನಿಮ್ಮನೆಯವರು ಎಂಥ ಕಲಾವಿದರು ಅಂತ ನಿಮಗೆ ಗೊತ್ತಾ ಮದಾಮ್, ಎಂದು ಆ ಹುಡುಗಿ ಕೇಳಿದಳು, ನನ್ನ ಗಂಡ ರೈಲು ನಿಲ್ದಾಣದಲ್ಲಿ ಜನ ಕಳೆದುಕೊಂಡ ಸಾಮಾನು ಕಾಯುವ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತವನು ಎನ್ನಬೇಕೇ, ಛತ್ರಿ, ಕೈಚೀಲ, ಒಂಟಿ ಕೈಗವಸುಗಳ ನಡುವೆ, ಯಾರೊಂದಿಗೂ ಒಂದು ತಮಾಷೆ ಆಡದೆ.

ಕತ್ತಲಾಯಿತು. ಪರದೆಯ ಮೇಲೆ ಆರ್ಮಾನ್, ಅಯ್ಯೋ, ಎಷ್ಟು ಸಣ್ಣಗಿದ್ದಾನೆ, ಇಪ್ಪತ್ತಾರು ವರ್ಷ, ಬೆನ್ನ ಮೇಲೆ ಬಾಗಿಲು ಹೊತ್ತು ಬೀದಿ ತುಂಬ ಬಿಸಿಲಿನಲ್ಲಿ ಬರುತ್ತಿದ್ದಾನೆ, ಬಡಗಿಯ ಆಳು, ಊರಾಚೆಯ ಹೊಸ ಮನೆಗೆ ಈ ಬಾಗಿಲು ಮುಟ್ಟಿಸಬೇಕು, ಅಷ್ಟೇ ಕಥೆ, ಸುಸ್ತಾದಾಗ ಬಾಗಿಲನ್ನು ಚೌಕಟ್ಟಿನ ಸಮೇತ ಬೀದಿಯಲ್ಲೇ ನಿಲ್ಲಿಸುತ್ತಾನೆ, ನಿಲ್ಲಿಸಿದರೆ ಸಾಕು ಜನ ಅದಕ್ಕೆ ಮರ್ಯಾದೆ ಕೊಡಲು ಶುರು, ಪೊಲೀಸಿನವನು ತಟ್ಟಿ ಕೇಳಿ ಆಚೆ ಹೋಗುತ್ತಾನೆ, ಗಂಡಹೆಂಡತಿ ಜಗಳವಾಡುತ್ತ ಬಂದವರು ಅದನ್ನು ಧಡಾರನೆ ಮುಚ್ಚಿಕೊಂಡು ಆಚೆಗೊಬ್ಬರು ಈಚೆಗೊಬ್ಬರು ನಿಂತು ಅಳುತ್ತಾರೆ. ಯಾರೂ ನಗಲಿಲ್ಲ. ಒಬ್ಬರು ಕೆಮ್ಮಿದರು. ಅದೇ ಕೆಮ್ಮು, ಪ್ಯಾರಿಸ್ಸಿನ ಮೊದಲ ಪ್ರದರ್ಶನದ ಕೆಮ್ಮು, ಸಾವಿರ ಜನ, ತುಪ್ಪಳದ ಕೋಟುಗಳು, ನಿಶ್ಚಿತಾರ್ಥವಾಗಿ ವಾರವೂ ಆಗಿರಲಿಲ್ಲ, ಅವಳು ಅಕ್ಕನ ನೀಲಿ ಉಡುಪು ಹಾಕಿಕೊಂಡು ಮೂರನೇ ಸಾಲಿನಲ್ಲಿ ಕೂತಿದ್ದಳು, ಪರದೆ ನೋಡಲಿಲ್ಲ, ಜನರ ಬಾಯಿ ನೋಡುತ್ತ ಕೂತಳು, ಒಂದಾದರೂ ಬಾಯಿ ತೆರೆಯಲಿ ದೇವರೇ, ತೆರೆದದ್ದು ಆಕಳಿಕೆಗೆ, ಆಮೇಲೆ ಕುರ್ಚಿಗಳು ಫಟಫಟ ಮಡಚಿಕೊಂಡ ಸದ್ದು, ಮರುದಿನ ಪತ್ರಿಕೆಯಲ್ಲಿ ಒಂದೇ ಸಾಲು, ನಟನಿಗಿಂತ ಬಾಗಿಲು ಚೆನ್ನಾಗಿ ನಟಿಸಿದೆ. ಆರ್ಮಾನ್ ಥಿಯೇಟರಿನ ಹಿಂದಿನ ಓಣಿಯಲ್ಲಿ ಗೋಡೆಗೊರಗಿ ನಿಂತಿದ್ದ. ನೀನು ನಕ್ಕೆಯಾ, ಎಂದು ಕೇಳಿದ. ನಕ್ಕೆ ಕಣೋ, ಹೊಟ್ಟೆ ಹಿಡ್ಕೊಂಡು ನಕ್ಕೆ, ಎಂದಳು. ಹಲ್ಲು ಕಚ್ಚಿಕೊಂಡು ಹೆದರಿ ಕೂತಿದ್ದವಳು, ನಕ್ಕೆ ಎಂದಳು, ಮದುವೆಗೆ ಮೊದಲೇ ಹೇಳಿದ ಮೊದಲ ಸುಳ್ಳು, ಅದನ್ನು ಹೊತ್ತೇ ನಡೆದಳು, ಮಗಳು ಹುಟ್ಟಿದಾಗಲೂ, ಮನೆಗೆ ಟೀವಿ ಬಂದು ಅವನು ಹಾಸ್ಯ ಬಂದೊಡನೆ ಎದ್ದು ತೋಟಕ್ಕೆ ಹೋಗುವುದನ್ನು ರೂಢಿಮಾಡಿಕೊಂಡಾಗಲೂ.

ಈಗ ಸೇತುವೆ, ಪರದೆಯ ಮೇಲೆ ಮಳೆ ಶುರುವಾಗಿದೆ, ಆ ತೆಳ್ಳಗಿನ ಹುಡುಗ ಅತ್ತಿತ್ತ ನೋಡುತ್ತಾನೆ, ಎಲ್ಲೂ ಸೂರಿಲ್ಲ, ಬಾಗಿಲನ್ನು ಸೇತುವೆಯ ನಟ್ಟನಡುವೆ ನಿಲ್ಲಿಸುತ್ತಾನೆ, ತೆರೆಯುತ್ತಾನೆ, ಕಾಲು ಒರೆಸಿಕೊಂಡು ಒಳಗೆ ಹೋಗಿ ಮುಚ್ಚಿ, ಅಬ್ಬ ಎಂದು ಟೊಪ್ಪಿ ಕೊಡವುತ್ತಾನೆ, ಅದೇ ಮಳೆ ಅವನ ತಲೆಯ ಮೇಲೆ ಧೋ ಎಂದು ಸುರಿಯುತ್ತಿದೆ, ಅವನ ಮುಖದಲ್ಲಿ ಮಾತ್ರ ಮನೆ ಸೇರಿದವನ ನೆಮ್ಮದಿ. ಯಾರೋ ತಟ್ಟುತ್ತಾರೆ. ಯಾರದು, ಎನ್ನುತ್ತಾನೆ. ತೊಯ್ದ ಮುದುಕಿ, ಮಳೆ ನಿಲ್ಲೋವರೆಗೂ ಒಳಗೆ ನಿಂತ್ಕೊಳ್ಳಲಾ ಅಪ್ಪಾ, ಬನ್ನಿ ಬನ್ನಿ ಅಮ್ಮಾ, ನೆಲ ಒದ್ದೆಯಿದೆ ಜೋಕೆ. ಆಮೇಲೆ ಪಾದ್ರಿ, ಆಮೇಲೆ ಸೈಕಲ್ಲಿನವನು, ಏಳು ಜನ ಬಾಗಿಲ ಹಿಂದೆ ಒತ್ತಿಕೊಂಡು ನಿಂತು ನೆನೆಯುತ್ತ, ಪರವಾಗಿಲ್ಲ, ಸೂರು ಗಟ್ಟಿಯಾಗಿದೆ ಎಂದು ತಲೆಯೆತ್ತಿ ಹೊಗಳುತ್ತ — ಮುಂದಿನ ಸಾಲಿನ ಅಗಲ ಬೆನ್ನು ಅಲುಗಿತು, ಒಮ್ಮೆ, ಮತ್ತೊಮ್ಮೆ, ಆಮೇಲೆ ಆ ಹೆಂಗಸು ಚೀಲ ಉರುಳಿದ್ದೂ ತಿಳಿಯದೆ ಹೋ ಎಂದು ನಕ್ಕಳು, ಅವಳಿಂದ ಪಕ್ಕದವನಿಗೆ, ಅವನಿಂದ ಆಚೆಯವರಿಗೆ, ಒಂಬತ್ತೂ ಜನ, ಸೋಲಾಂಜ್ ಬಾಯಿಗೆ ಕೈ ಅಡ್ಡ ಹಿಡಿಯುವ ಮೊದಲೇ ಅವಳ ನಗು ಹೊರಬಿದ್ದಿತ್ತು, ಎಷ್ಟು ಚೆಂದ ಮಾಡಿದ್ದಾನೆ ಈ ಹುಡುಗ, ಇದನ್ನು ನಾನು ನೋಡೇ ಇರಲಿಲ್ಲವಲ್ಲ, ಕಣ್ಣಲ್ಲಿ ನೀರು, ಕೊನೆಗೆ ನಕ್ಕಾಗೆಲ್ಲ ಮೂಗಿನಿಂದ ಬರುವ ಆ ಹಾಳು ಗೊರಕೆ. ಆರ್ಮಾನ್ ತಿರುಗಿದ. ಇದು ನೋಡು ನಿನ್ನ ನಗು, ಎಂದ ಮೆಲ್ಲಗೆ, ಅವತ್ತು ನೀನು ನಕ್ಕಿರಲಿಲ್ಲ. ನಿಂಗೆ ಗೊತ್ತಿತ್ತಾ, ಎಂದಳು ಅವಳು. ಗೊತ್ತಿಲ್ದೆ ಏನೇ, ಥಿಯೇಟರಿನ ಕೊನೆ ಬಾಗಿಲ ಹತ್ರ ನಿಂತು ಆ ಗೊರಕೆಗೇ ಕಾಯ್ತಾ ಇದ್ದೆ, ಬರಲೇ ಇಲ್ಲ. ಮತ್ತೆ ಇಷ್ಟು ವರ್ಷ ಬಾಯಿ ಬಿಡಲಿಲ್ಲ ಯಾಕೋ? ಅವನು ಟೊಪ್ಪಿಯ ಅಂಚು ತಿರುವಿದ. ನನಗೋಸ್ಕರ ಸುಳ್ಳು ಹೇಳೋಳು ಒಬ್ಬಳಾದರೂ ಇದ್ದಳಲ್ಲ, ಅವಳನ್ನೂ ಕಳ್ಕೊಳ್ಳೋದಾ. ಸುಮ್ನಿರು ಈಗ, ಪಾದ್ರಿ ಸೀನ್ತಾನೆ, ಅದು ಚೆನ್ನಾಗಿದೆ. ಪಾದ್ರಿ ಸೀನಿದ, ಏಳು ಜನ ಬಾಗಿಲನ್ನು ಬಿಗಿಯಾಗಿ ಮುಚ್ಚಿದರು, ಗಾಳಿ ಬರುತ್ತದೆಂದು, ಹಾಲ್ ಮತ್ತೆ ನಕ್ಕಿತು, ಆರ್ಮಾನ್ ನಗಲಿಲ್ಲ, ಕೋಟಿನ ಮೇಲಿನ ಗುಂಡಿ ಬಿಚ್ಚಿದ, ಎರಡನೆಯದನ್ನು ಬಿಚ್ಚಿದ, ಬೆನ್ನು ಹಿಂದಕ್ಕೆ ಒರಗಿಸಿ ಕೂತ, ಪರದೆಯ ಬೆಳಕು ಅವನ ಕೆನ್ನೆಯ ಮೇಲೆ, ಇನ್ನೂ ಎಷ್ಟು ಕೇಳುವುದಿತ್ತು ಅವಳಿಗೆ, ಓಣಿಯ ಆ ಗೋಡೆ, ಮಗಳಿಗೆ ಇವತ್ತೇ ಫೋನ್ ಮಾಡಬೇಕು, ಇಷ್ಟು ವರ್ಷ ಆ ಸುಳ್ಳನ್ನು ತಾನೊಬ್ಬಳೇ ಹೊತ್ತಿದ್ದೇನೆಂದುಕೊಂಡಿದ್ದು — ಎಲ್ಲ ಅಲ್ಲೇ ತಡೆದು ನಿಂತಿತು, ಅವನ ಕಿವಿ ಕಂಡು, ಮುದಿ ಕಿವಿಯ ತುದಿ ಕೆಂಪಗಾಗಿದೆ, ಹಿಗ್ಗಿದಾಗ ಅವನಿಗೆ ಹಾಗಾಗುತ್ತಿತ್ತು, ಮದುವೆಗೆ ಮೊದಲು, ಕಪ್ಪುಬಿಳುಪಿನ ಆ ಚಿತ್ರದಲ್ಲಿ ಯಾರೂ ಕಾಣಲಾಗದ ಬಣ್ಣ, ಕೆಂಪು, ಕಿವಿಯ ತುದಿಯಲ್ಲಿ, ಕೆಂಪು.